ಚಾರ್ಕೋಲ್‌ನಲ್ಲಿ ಎದುರು ಕೂತವರನ್ನು ಬಿಡಿಸುವುದು: ಕಲಬುರಗಿಯಲ್ಲಿ ಹೇಗೆ ಶುರು ಮಾಡಲಿ?

ಬ್ರಹ್ಮಪುರದವ:
ಎಲ್ಲರಿಗೂ ನಮಸ್ಕಾರ. ಕೆಲಸ ಮುಗಿಸಿ ಸಂಜೆ ಚಿತ್ರ ಬಿಡಿಸ್ತೀನಿ. ಫೋಟೊ ನೋಡಿ ಪೆನ್ಸಿಲ್‌ನಲ್ಲಿ ಮುಖ ಬಿಡಿಸಿದರೆ ಹೋಲಿಕೆ ಬರುತ್ತದೆ. ನಿಂತಿರುವ ಪೂರ್ತಿ ಆಳನ್ನು ಬಿಡಿಸಿದರೆ ಮಾತ್ರ ಗೋಡೆಗೆ ಒರಗಿಸಿಟ್ಟ ಹಲಗೆ ಥರ ಕಾಣುತ್ತದೆ. ಜೀವಂತ ಮಾಡೆಲ್ ಎದುರಿಗೆ ಚಾರ್ಕೋಲ್ (ಇದ್ದಿಲ ಕಡ್ಡಿ) ಹಿಡಿದು ಕಲಿಯಬೇಕು ಅಂತ ಬಹಳ ಆಸೆ. ಕಾಲೇಜಿಗೆ ಸೇರುವಷ್ಟು ಬಿಡುವಿಲ್ಲ. ಮಾಡೆಲ್ ಎಲ್ಲಿ ಸಿಗ್ತಾರೆ? ಬಟ್ಟೆ ಹಾಕಿಕೊಂಡವರನ್ನು ಬಿಡಿಸಿದರೆ ಮೈಕಟ್ಟು ಕಲಿತ ಹಾಗೆ ಆಗುತ್ತದಾ? ಯಾವ ಚಾರ್ಕೋಲ್ ತಗೊಳ್ಳಲಿ?

ಡ್ರಾಯಿಂಗ್ ಮಾಸ್ತರ್, ಕಲಬುರಗಿ:
ತಮ್ಮಾ, ಬಟ್ಟೆ ವಿಷಯಕ್ಕೆ ಚಿಂತೆ ಬೇಡ. ಧೋತರ ಉಟ್ಟ ಮುತ್ಯಾ ಒಬ್ಬರು ಕಟ್ಟೆ ಮೇಲೆ ಕೂತಿದ್ದಾರೆ ಅಂದುಕೊಳ್ಳಿ. ಬಟ್ಟೆಯ ಮಡಿಕೆ ಸುಮ್ನೆ ಎಲ್ಲೆಲ್ಲೋ ಬೀಳೋದಿಲ್ಲ. ಮೊಣಕಾಲು, ಸೊಂಟ, ಹೆಗಲು ಎಲ್ಲಿ ಬಟ್ಟೆಯನ್ನು ಎಳೆಯುತ್ತವೋ ಅಲ್ಲಿಂದ ಹೊರಡುತ್ತವೆ. ಮಡಿಕೆ ಎಲ್ಲಿಂದ ಹೊರಟಿದೆ ಅಂತ ಹುಡುಕಿದರೆ ಒಳಗಿನ ಮೂಳೆ ಸಿಕ್ಕೇ ಸಿಗುತ್ತದೆ.

ನಿಮ್ಮ ಆಳು ಹಲಗೆ ಆಗೋದು ಮೈಯ ಭಾರ ಕಾಣಿಸದೆ ಇರೋದರಿಂದ. ನಿಂತವರು ಸಾಮಾನ್ಯವಾಗಿ ಒಂದು ಕಾಲಿನ ಮೇಲೆ ಜಾಸ್ತಿ ಭಾರ ಹಾಕಿರುತ್ತಾರೆ. ಆ ಕಡೆಯ ಸೊಂಟ ಮೇಲೇಳುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ. ದಾರಕ್ಕೆ ಒಂದು ಕೀಲಿ ಕಟ್ಟಿ ಕಣ್ಣೆದುರು ಇಳಿಬಿಡಿ. ಕತ್ತಿನ ಗುಳಿಯಿಂದ ನೇರ ಕೆಳಗೆ ಬಂದರೆ ಭಾರ ಹೊತ್ತ ಪಾದದ ಹತ್ತಿರವೇ ದಾರ ನಿಲ್ಲುತ್ತದೆ. ಇದನ್ನು ಮೊದಲು ಹಾಳೆ ಮೇಲೆ ಗುರುತು ಮಾಡಿ. ಕಣ್ಣು, ಮೂಗು ಆಮೇಲೆ. ನನ್ನ ಕೇಳಿದರೆ ಮೊದಲ ತಿಂಗಳು ಮುಖವನ್ನೇ ಬಿಡಿಸಬೇಡಿ.

ಒಂದು ನಿಮಿಷದ, ಎರಡು ನಿಮಿಷದ ಪೋಸ್‌ಗಳಿಂದ ಶುರು ಮಾಡಿ, ಆಮೇಲೆ ಇಪ್ಪತ್ತು ನಿಮಿಷಕ್ಕೆ ಹೋಗಿ. ಬೋರ್ಡ್ ನೆಟ್ಟಗೆ ನಿಲ್ಲಿಸಿ, ನೀವೂ ನಿಂತುಕೊಳ್ಳಿ. ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿಯದೆ ಅಡ್ಡ ಹಿಡಿದು ಹೆಗಲಿನಿಂದ ಕೈ ಆಡಿಸಿ. ನಮ್ಮ ಬಿಸಿಲಿಗೆ ಅಂಗೈ ಬೆವರುತ್ತದೆ, ಹಾಳೆಗೆ ತಾಗಿದರೆ ಕಲೆ ಬೀಳುತ್ತದೆ. ನಿಂತು ಬಿಡಿಸಿದರೆ ಆ ಕಾಟವೂ ಇಲ್ಲ.

ಇನ್ನೊಂದು ಮಾತು. ನಮ್ಮ ಊರಿನಲ್ಲೇ ಹುಟ್ಟಿದ ಎಸ್.ಎಂ. ಪಂಡಿತರ (1916–1993) ಕ್ಯಾಲೆಂಡರ್ ಚಿತ್ರಗಳನ್ನು ತೆಗೆದು ನೋಡಿ. ರಂಗಮಂದಿರಕ್ಕೆ ಅವರ ಹೆಸರಿದೆ, ಗೊತ್ತಿರಬೇಕು. ಅವರ ದೇವರುಗಳೂ ನೆಲದ ಮೇಲೆ ಭಾರ ಊರಿ ನಿಂತಿರುತ್ತಾರೆ. ಆ ಪಾದಗಳನ್ನು ನೋಡಿದಾಗೆಲ್ಲ ನನಗೆ ಮೈ ಝುಂ ಅನ್ನುತ್ತದೆ.

ಬೀದರ್ ಅಕ್ಕ:
ಮಾಸ್ತರ ಮಾತು ಖರೆ. ಮಾಡೆಲ್ ಬಗ್ಗೆ ನಾನು ಹೇಳ್ತೀನಿ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವವರನ್ನು ಹುಡುಕಿ. ನಮ್ಮಲ್ಲಿ ಬಿದ್ರಿ ಕೆಲಸದವರು ನೆಲದ ಮೇಲೆ ಕೂತು, ಬೆನ್ನು ಬಗ್ಗಿಸಿ, ಉಳಿಯಿಂದ ಬಳ್ಳಿ ಕೆತ್ತುತ್ತಾರೆ. ಕೈ ಅಲ್ಲಾಡಿದರೂ ಬೆನ್ನಿನ ಬಾಗು ಬದಲಾಗೋದಿಲ್ಲ. ಮನೆಯಲ್ಲಿ ಅವ್ವ ರೊಟ್ಟಿ ಬಡಿಯುವಾಗ ನೋಡಿ. ಅಂಗೈ ಬಡಿಯುತ್ತದೆ, ಹಿಟ್ಟು ತಿರುಗುತ್ತದೆ, ಹೆಗಲು ಮತ್ತೆ ಅಲ್ಲೇ ಬರುತ್ತದೆ. ತಪ್ಪಿಸಿಕೊಂಡ ಗೆರೆ ಮುಂದಿನ ರೊಟ್ಟಿಗೆ ಸಿಗುತ್ತದೆ.

ಹೊರಗಿನವರಾದರೆ ಕೇಳಿಯೇ ಬಿಡಿಸಿ, ಕದ್ದು ಬೇಡ. ಕೂರಿಸಿಕೊಂಡರೆ ಕೂಲಿ ಎಷ್ಟು ಅಂತ ಮೊದಲೇ ಮಾತಾಡಿ. ಅಲ್ಲಾಡದೆ ಕೂರೋದು ಬಹಳ ಕಷ್ಟದ ಕೆಲಸ, ಒಮ್ಮೆ ನೀವೇ ಕೂತು ನೋಡಿ, ಕಾಲು ಜೋಮು ಹಿಡಿಯುತ್ತದೆ. ಇಪ್ಪತ್ತು ನಿಮಿಷಕ್ಕೊಮ್ಮೆ ಎಬ್ಬಿಸಿ, ನೀರು ಕೊಡಿ. ಏಳುವ ಮೊದಲು ಪಾದದ ಸುತ್ತ ಚಾಕ್‌ಪೀಸ್‌ನಿಂದ ಗುರುತು ಹಾಕಿದರೆ ವಾಪಸ್ ಅದೇ ಪೋಸ್ ಸಿಗುತ್ತದೆ. ಅವರು ಒಪ್ಪದೆ ಮೊಬೈಲ್‌ನಲ್ಲಿ ಫೋಟೊ ತೆಗೆಯಬೇಡಿ. ಮುಗಿದ ಮೇಲೆ ಹಾಳೆ ತೋರಿಸಿ.

ಶಹಾಪುರದಿಂದ:
ಚಾರ್ಕೋಲ್‌ನಲ್ಲಿ ಎರಡು ಥರ ಅಣ್ಣಾ. ಕಡ್ಡಿ ಸುಟ್ಟು ಮಾಡಿದ್ದು ಹಗುರ, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಪುಡಿಗೆ ಅಂಟು ಸೇರಿಸಿ ಒತ್ತಿ ಮಾಡಿದ್ದು ಕಡುಗಪ್ಪು, ಒರೆಸಿದರೂ ಪೂರ್ತಿ ಹೋಗೋದಿಲ್ಲ. ಶುರುವಿಗೆ ಮೊದಲನೆಯದೇ ಸಾಕು. ಅದನ್ನು ನಾನು ಮನೆಯಲ್ಲೇ ಮಾಡ್ಕೋತೀನಿ. ಒಣಗಿದ ಹುಣಸೆ ಕಡ್ಡಿಯ ಸಿಪ್ಪೆ ತೆಗೆದು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ, ಮುಚ್ಚಳಕ್ಕೆ ಸಣ್ಣ ತೂತು ಹಾಕಿ, ಬಯಲಿನಲ್ಲಿ ಬೆಂಕಿ ಮೇಲೆ ಇಡಿ. ತೂತಿನಿಂದ ಹೊಗೆ ಬರೋದು ನಿಂತ ಮೇಲೆ ಇಳಿಸಿ. ಪೂರ್ತಿ ಆರುವ ತನಕ ಮುಚ್ಚಳ ತೆಗೆಯಬೇಡಿ, ಗಾಳಿ ಹೊಕ್ಕರೆ ಒಳಗೆ ಹೊತ್ತಿಕೊಂಡು ಬೂದಿ ಆಗುತ್ತದೆ. ಚೆನ್ನಾಗಿ ಸುಟ್ಟ ಕಡ್ಡಿ ಮುರಿದರೆ ಟಣ್ ಅನ್ನುತ್ತದೆ, ಒಳಗೂ ಕಪ್ಪಗಿರುತ್ತದೆ. ಒಳಗೆ ಕಂದು ಕಂಡರೆ ಇನ್ನೂ ಸುಡಬೇಕು.

ಬ್ರಹ್ಮಪುರದವ:
ಅಕ್ಕಾ, ಮಾಸ್ತರ್, ತುಂಬಾ ಥ್ಯಾಂಕ್ಸ್. ಅವ್ವನನ್ನು ಕೇಳಿದೆ, ಒಪ್ಪಿದ್ದಾರೆ. ಹಾಳೆ ಯಾವುದು? ಸ್ಪ್ರೇ ಬೇಕಾ?

ಡ್ರಾಯಿಂಗ್ ಮಾಸ್ತರ್, ಕಲಬುರಗಿ:
ಸಣ್ಣ ಪೋಸ್‌ಗಳಿಗೆ ನ್ಯೂಸ್‌ಪ್ರಿಂಟ್ (ಪತ್ರಿಕೆ ಅಚ್ಚು ಹಾಕುವಂಥ ಖಾಲಿ ಹಾಳೆ) ಸಾಕು. ಜಾಸ್ತಿ ಹೊತ್ತಿನದಕ್ಕೆ ತುಸು ಒರಟಾದ ಕಾರ್ಟ್ರಿಜ್ ಹಾಳೆ, ನುಣುಪಾದದ್ದರ ಮೇಲೆ ಪುಡಿ ನಿಲ್ಲೋದಿಲ್ಲ. ಪುಡಿ ಉದುರದ ಹಾಗೆ ಹಿಡಿದಿಡುವ ಸ್ಪ್ರೇಗೆ ಫಿಕ್ಸೆಟಿವ್ ಅಂತಾರೆ, ಎತ್ತಿಟ್ಟುಕೊಳ್ಳಬೇಕು ಅನಿಸಿದ ಚಿತ್ರಕ್ಕೆ ಮಾತ್ರ ಅದನ್ನು ಹೊಡೆಯಿರಿ. ಮನೆ ಹೊರಗೆ, ಒಂದು ಅಡಿ ದೂರದಿಂದ, ತೆಳ್ಳಗೆ ಎರಡು ಸಲ. ಹೊಡೆದ ಮೇಲೆ ಒರೆಸಿ ತಿದ್ದೋದು ಆಗೋದಿಲ್ಲ. ಉಳಿದವುಗಳ ನಡುವೆ ಬಟರ್ ಪೇಪರ್ ಇಟ್ಟು ಎತ್ತಿಡಿ. ಅವ್ವನ ಸ್ಕೆಚ್ ಇಲ್ಲಿ ಹಾಕಿ, ಹೆಗಲು, ಸೊಂಟ ನೋಡಿ ಹೇಳ್ತೀನಿ.