‘ಸಂಯುಕ್ತ ಮಾತ್ರೆ’: ಸಂಯುಕ್ತವೋ ಮಿಶ್ರಣವೋ?

ಎಲ್ಲರಿಗೂ ನಮಸ್ಕಾರ.

ಗರ್ಭನಿರೋಧಕ ಮಾತ್ರೆಗಳನ್ನು ಹೋಲಿಸುವ ಎರಡು ಪುಟದ ಬರಹವೊಂದನ್ನು ಸಿದ್ಧ ಮಾಡುತ್ತಿದ್ದೇನೆ. ಓದುವವರು ಆಶಾ ಕಾರ್ಯಕರ್ತೆಯರು. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ. ‘ಕಾಂಬಿನೇಷನ್ ಪಿಲ್’ ಅನ್ನುವುದಕ್ಕೆ ಏನು ಬರೆಯೋಣ?

ಇಂಥ ಬರಹಗಳಲ್ಲಿ ನಾನು ಕಂಡಿರುವುದು ‘ಸಂಯುಕ್ತ ಗರ್ಭನಿರೋಧಕ ಮಾತ್ರೆ’. ನಾನೂ ಅದನ್ನೇ ಬರೆದೆ. ನನ್ನ ತಂಗಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಾಳೆ. ಕರಡು ಓದಿ ಆ ಪದದ ಕೆಳಗೆ ಕೆಂಪು ಗೆರೆ ಎಳೆದಳು. “ಅಕ್ಕಾ, ಇದು ಸಂಯುಕ್ತ ಹೇಗಾಗುತ್ತೆ? ನೀರು ಸಂಯುಕ್ತ, ಉಪ್ಪುನೀರು ಮಿಶ್ರಣ ಅಂತ ನಾನು ಮಕ್ಕಳಿಗೆ ಹೇಳ್ತೀನಿ.”

ಅವಳು ಹೇಳುವುದು ಸರಿಯೇ. ಮಾಲಾ-ಎನ್ ಮಾತ್ರೆಯನ್ನೇ ನೋಡಿ. ಒಂದರಲ್ಲಿ ಎರಡು ಹಾರ್ಮೋನು: 0.15 ಮಿ.ಗ್ರಾಂ ಲೆವೊನಾರ್ಜೆಸ್ಟ್ರೆಲ್ (ಇದು ಪ್ರೊಜೆಸ್ಟಿನ್ ಗುಂಪಿನದು), 0.03 ಮಿ.ಗ್ರಾಂ ಎಥಿನೈಲ್ ಎಸ್ಟ್ರಡಯಾಲ್ (ಇದು ಈಸ್ಟ್ರೋಜನ್ ಗುಂಪಿನದು). ಎರಡೂ ಸೇರಿ ಹೊಸ ವಸ್ತು ಆಗುವುದಿಲ್ಲ, ಅವುಗಳ ಪಾಡಿಗೆ ಅವು ಇರುತ್ತವೆ. ಹಾಗಂತ ‘ಮಿಶ್ರ ಮಾತ್ರೆ’ ಎಂದರೆ ಕಿವಿಗೆ ಹಿಡಿಸುವುದಿಲ್ಲ. ‘ಬೆರಕೆ’ ಎಂದರಂತೂ ಮುಗಿದೇ ಹೋಯಿತು, ಕಲಬೆರಕೆ ಎಣ್ಣೆಯೇ ನೆನಪಾಗುತ್ತೆ. ‘ಜೋಡಿ ಮಾತ್ರೆ’ ಚೆನ್ನಾಗಿದೆ ಅಂತ ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಹೊಳೆಯಿತು: ಯಾರಾದರೂ ದಿನಕ್ಕೆ ಎರಡೆರಡು ನುಂಗಿದರೆ?

ಸದ್ಯಕ್ಕೆ ‘ಎರಡು ಹಾರ್ಮೋನಿನ ಮಾತ್ರೆ’ ಅಂತ ಇಟ್ಟಿದ್ದೇನೆ. ಕೊಂಚ ಉದ್ದ, ನಿಜ. ಆದರೆ ಹೋಲಿಸುವಾಗ ತುಂಬ ಅನುಕೂಲ. ಪ್ರೊಜೆಸ್ಟಿನ್ ಮಾತ್ರ ಇರುವುದು ‘ಒಂದೇ ಹಾರ್ಮೋನಿನ ಮಾತ್ರೆ’ ಆಗುತ್ತೆ. ಮೊದಲ ಮೂರು ತಿಂಗಳು ವಾರಕ್ಕೆರಡು, ಆಮೇಲೆ ವಾರಕ್ಕೊಂದು ನುಂಗುವ ಛಾಯಾ ‘ಹಾರ್ಮೋನಿಲ್ಲದ ಮಾತ್ರೆ’. ಬೇರೆ ವಿವರಣೆಯೇ ಬೇಡ.

ಇನ್ನೊಂದು ತೊಡಕು ಮಾಲಾ-ಎನ್ ಪಟ್ಟಿಯ ಕೊನೆಯ ಸಾಲು. ಒಟ್ಟು 28 ಮಾತ್ರೆ. 21 ಬಿಳಿ, ಅವುಗಳಲ್ಲಿ ಹಾರ್ಮೋನು. ಉಳಿದ 7 ಕಂದು. ನನಗೆ ಕೊಟ್ಟ ಇಂಗ್ಲಿಷ್ ಮೂಲದಲ್ಲಿ ಅವಕ್ಕೆ ‘ಡಮ್ಮಿ’ ಎಂದಿತ್ತು. ಅದನ್ನು ‘ನಕಲಿ ಮಾತ್ರೆ’ ಅಂತ ಮಾಡಿದ್ದ ಒಂದು ಅನುವಾದವೂ ಕಣ್ಣಿಗೆ ಬಿತ್ತು! ಸರ್ಕಾರ ಕೊಡುವ ಮಾತ್ರೆಯಲ್ಲಿ ಏಳು ನಕಲಿ ಎಂದು ಅಚ್ಚಾದರೆ ಯಾರು ನುಂಗುತ್ತಾರೆ, ಹೇಳಿ? ಅಷ್ಟಕ್ಕೂ ಅವು ಬರೀ ಡಮ್ಮಿಯೂ ಅಲ್ಲ, ಕಬ್ಬಿಣದ ಮಾತ್ರೆಗಳು. ಹಾಗಾಗಿ ಸುಮ್ನೆ ‘ಕಬ್ಬಿಣದ ಮಾತ್ರೆ’ ಎಂದೆ. ಆದರೆ ಡ್ರೋಸ್ಪಿರೆನೋನ್ ಅನ್ನುವ ಇನ್ನೊಂದು ಪ್ರೊಜೆಸ್ಟಿನ್ ಇರುವ ಕೆಲವು ಪಟ್ಟಿಗಳು 24 ಮತ್ತು 4 ಲೆಕ್ಕದವು. ಆ ನಾಲ್ಕರಲ್ಲಿ ಔಷಧಿ ಏನೂ ಇರುವುದಿಲ್ಲ. ಅವಕ್ಕೆ ‘ಖಾಲಿ ಮಾತ್ರೆ’ ಎನ್ನಬಹುದಾ? ಅಥವಾ ‘ದಿನದ ರೂಢಿ ತಪ್ಪದಿರಲು ನುಂಗುವ ಮಾತ್ರೆ’ ಎಂದು ಬಿಡಿಸಿ ಹೇಳುವುದೇ ವಾಸಿಯಾ?

ಪ್ರೊಜೆಸ್ಟಿನ್‌ಗಳನ್ನು ವಿಂಗಡಿಸಲು ಬಳಸುವ ‘ಜನರೇಷನ್’ ಪದವನ್ನು ಮಾತ್ರ ಕೈಬಿಟ್ಟೇ ಬಿಟ್ಟೆ. ಲೆವೊನಾರ್ಜೆಸ್ಟ್ರೆಲ್ ‘ಎರಡನೇ ತಲೆಮಾರು’, ಡ್ರೋಸ್ಪಿರೆನೋನ್ ‘ನಾಲ್ಕನೇ ತಲೆಮಾರು’ ಎಂದು ಬರೆದರೆ, 2ಜಿಗಿಂತ 4ಜಿ ಮೇಲು ಅನ್ನುವ ಹಾಗೆ ಓದುತ್ತಾರೆ. ಆದರೆ ಸಂಗತಿ ಬೇರೆ. ಯುರೋಪಿನ ಔಷಧ ಸಂಸ್ಥೆಯ ಲೆಕ್ಕದಲ್ಲಿ, ವರ್ಷಕ್ಕೆ 10,000 ಹೆಂಗಸರಲ್ಲಿ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆಯಲ್ಲಿ 5ರಿಂದ 7 ಮಂದಿಗೆ, ಡ್ರೋಸ್ಪಿರೆನೋನ್ ಇರುವುದರಲ್ಲಿ 9ರಿಂದ 12 ಮಂದಿಗೆ. ಇಂಥ ಮಾತ್ರೆ ನುಂಗದವರಲ್ಲಿ ಸುಮಾರು 2. ಹಳೆಯದಕ್ಕೇ ಅಪಾಯ ಕಮ್ಮಿ ಅಲ್ವಾ? ಅದಕ್ಕೆ ತಲೆಮಾರಿನ ಗೊಡವೆ ಬಿಟ್ಟು ಹಾರ್ಮೋನಿನ ಹೆಸರನ್ನೇ ಬರೆದೆ.

ಗರ್ಭಕೋಶದೊಳಗೆ ಇಡುವ ಕಾಪರ್-ಟಿಗೆ ‘ವಂಕಿ’ ಅನ್ನುತ್ತೇವೆ. ತೋಳಿನ ಒಡವೆಯ ಹೆಸರು ಎಷ್ಟು ಸಲೀಸಾಗಿ ಅಲ್ಲಿಗೆ ಹೋಗಿ ಕೂತಿದೆ ನೋಡಿ. ಈ ಎರಡು ಹಾರ್ಮೋನಿನ ಮಾತ್ರೆಗೂ ನಿಮ್ಮ ಕಡೆ ಅಂಥದ್ದೊಂದು ಆಡುಮಾತು ಇದೆಯಾ? ಇಲ್ಲಿ ಯಾವ ಕಂಪನಿಯದ್ದಾದರೂ ‘ಮಾಲಾ ಮಾತ್ರೆ’ಯೇ. ಉತ್ತರ ಕರ್ನಾಟಕದವರು ‘ಗುಳಿಗಿ’ ಜೊತೆ ಏನು ಸೇರಿಸುತ್ತೀರಿ, ಕಂದು ಮಾತ್ರೆಗಳಿಗೆ ಏನನ್ನುತ್ತೀರಿ ಅನ್ನುವುದನ್ನೂ ಬರೆಯಿರಿ. ಸೋಮವಾರ ಕರಡು ಕೊಡಬೇಕು.