ಸಹಾಯ ಬೇಕು: ಎಂಐಟಿ ಲೈಸೆನ್ಸ್ ಬಿಟ್ಟು ಅಪಾಚೆ 2.0ಗೆ ಹೋಗುವುದೇ, ಎಂಪಿಎಲ್ 2.0ಗೆ ಹೋಗುವುದೇ?

ಎಲ್ಲರಿಗೂ ನಮಸ್ಕಾರ. ಪಿಡಿಎಫ್‌ನಿಂದ ಪಠ್ಯ ತೆಗೆಯುವ ನಮ್ಮ ಸಿ ಲೈಬ್ರರಿ ಸದ್ಯ ಎಂಐಟಿ ಲೈಸೆನ್ಸ್‌ನಲ್ಲಿದೆ (ಲೈಸೆನ್ಸ್ ಎಂದರೆ ಇತರರು ನಮ್ಮ ಕೋಡ್ ಬಳಸಲು ಕೊಡುವ ಷರತ್ತುಬದ್ಧ ಅನುಮತಿ). ಅದರಲ್ಲಿ ಪೇಟೆಂಟ್ ಬಗ್ಗೆ ಒಂದು ಮಾತೂ ಇಲ್ಲ, ಹಾಗಾಗಿ ಬದಲಿಸುವ ಯೋಚನೆ.

ಅಪಾಚೆ 2.0ರ 3ನೇ ಕಲಮು ಪೇಟೆಂಟ್ ಹಕ್ಕನ್ನು ಸ್ಪಷ್ಟವಾಗಿ ಕೊಡುತ್ತದೆ. ಆ ಕೋಡಿನ ಮೇಲೆ ಪೇಟೆಂಟ್ ದಾವೆ ಹೂಡಿದವರಿಗೆ ಹಕ್ಕು ರದ್ದು. ಕೋಡ್ ಸೇರಿಸಿಕೊಂಡು ಹಂಚುವ ಇಡೀ ಪ್ರೋಗ್ರಾಮ್ ಅದೇ ಲೈಸೆನ್ಸ್‌ನಲ್ಲಿರಬೇಕು ಎನ್ನುವ ಜಿಪಿಎಲ್ ಲೈಸೆನ್ಸ್‌ನ 3ನೇ ಆವೃತ್ತಿಗೆ ಅಪಾಚೆ ಒಗ್ಗುತ್ತದೆ. ಆದರೆ ಜಿಪಿಎಲ್ 2ರ ಲೆಕ್ಕದಲ್ಲಿ ಈ ಪೇಟೆಂಟ್ ರದ್ದತಿ ಷರತ್ತು ಹೆಚ್ಚುವರಿ ನಿರ್ಬಂಧ, ಆದ್ದರಿಂದ 'ಜಿಪಿಎಲ್ 2 ಮಾತ್ರ' ಎಂದಿರುವ ಪ್ರಾಜೆಕ್ಟ್‌ಗಳು ನಮ್ಮ ಕೋಡ್ ಸೇರಿಸಿಕೊಳ್ಳಲು ಆಗುವುದಿಲ್ಲ. ಅಂಥ ಬಳಕೆದಾರರು ನಮಗಿದ್ದಾರೆ, ಅವರನ್ನು ಕೈಬಿಡಲು ಮನಸ್ಸಿಲ್ಲ.

ನನ್ನ ಒಲವು ಎಂಪಿಎಲ್ 2.0 (ಮೊಜಿಲ್ಲಾ ಪಬ್ಲಿಕ್ ಲೈಸೆನ್ಸ್) ಕಡೆಗೆ. ತಿದ್ದಿದವೂ ಸೇರಿ ಎಂಪಿಎಲ್‌ನಲ್ಲಿರುವ ಫೈಲುಗಳ ಸೋರ್ಸ್ ಕೊಟ್ಟರೆ ಸಾಕು, ಪೇಟೆಂಟ್ ಹಕ್ಕೂ ಇದೆ, 3.3ನೇ ಕಲಮು ಜಿಪಿಎಲ್ 2ರ ಜೊತೆ ಬೆರೆಸಲೂ ಬಿಡುತ್ತದೆ. ಎಲ್‌ಜಿಪಿಎಲ್ (ಲೈಬ್ರರಿಗಳಿಗೆಂದು ಸಡಿಲಿಸಿದ ಜಿಪಿಎಲ್) ಬೇಡ: ಸ್ಟ್ಯಾಟಿಕ್ ಲಿಂಕ್ ಮಾಡುವವರು, ಅಂದರೆ ಲೈಬ್ರರಿಯನ್ನು ತಮ್ಮ ಪ್ರೋಗ್ರಾಮಿನೊಳಗೇ ಸೇರಿಸಿಬಿಡುವವರು, ಮರುಲಿಂಕ್‌ಗೆಂದು ಆಬ್ಜೆಕ್ಟ್ ಫೈಲ್‌ಗಳನ್ನು (ತಮ್ಮ ಕೋಡಿನ ಕಂಪೈಲ್ ಆದ ರೂಪ) ಒದಗಿಸಬೇಕಾಗುತ್ತದೆ.

ತೊಡಕು ಇಲ್ಲಿದೆ. ಬಿಡುಗಡೆಯಲ್ಲಿ ಎಲ್ಲ ಸೋರ್ಸನ್ನೂ ಒಂದೇ ದೊಡ್ಡ .ಸಿ ಫೈಲಾಗಿ ಕೂಡಿಸಿ ಕೊಡುತ್ತೇವೆ. ಬಳಸುವವರು ಅದರೊಳಗೇ ತಮ್ಮ ಫಂಕ್ಷನ್ ಬರೆದರೆ ಅದೂ ಎಂಪಿಎಲ್ ಆಗಿಬಿಡುತ್ತದೆ. ಇದನ್ನು ತಪ್ಪಿಸಲು ಹುಕ್‌ಗಳನ್ನು (ಬಳಸುವವರು ತಮ್ಮ ಫಂಕ್ಷನ್ ಜೋಡಿಸುವ ಜಾಗಗಳು) ಬೇರೆ ಹೆಡರ್ ಫೈಲಿಗೆ ಹಾಕಿ, ಆ ಹೆಡರನ್ನು ಮಾತ್ರ ಎಂಐಟಿಯಲ್ಲೇ ಉಳಿಸಿದರೆ ಸರಿಯೇ? ಹಳೆಯ ಕೊಡುಗೆದಾರರ ಎಂಐಟಿ ನೋಟಿಸನ್ನು ಕೂಡಿಸಿದ ಫೈಲಿನ ತಲೆಯಲ್ಲಿ ಒಟ್ಟಿಗೆ ಇಡುವುದೋ, ಆಯಾ ಭಾಗದ ಮೇಲೆ ಇಡುವುದೋ? ಇಂಥ ಬದಲಾವಣೆ ಮಾಡಿದವರು ದಯವಿಟ್ಟು ತಿಳಿಸಿ.