‘ಅರ್ತ್ ಆಗಿದೆ’ ಮತ್ತು ‘ಅರ್ತ್ ಸಿಗ್ತಿಲ್ಲ’: ಎರಡೂ ಒಂದೇ ದೋಷವೇ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ 6 ವೋಲ್ಟಿನ ಜಾವಾ 250 ಗಾಡಿಗಳನ್ನು ಮತ್ತೆ ಓಡುವ ಸ್ಥಿತಿಗೆ ತರುವವರಿಗೆಂದು ಕನ್ನಡದಲ್ಲಿ ಸಣ್ಣ ಕೈಪಿಡಿಯೊಂದು ತಯಾರಾಗುತ್ತಿದೆ. ಅದಕ್ಕೆ ಸಿಕ್ಕಿರುವ ರಿಪೇರಿ ಚೀಟಿಯಲ್ಲಿ ಹೀಗಿದೆ:

“ಪಾಯಿಂಟ್ ಅರ್ತ್ ಆಗಿದೆ. ಹೆಡ್‌ಲೈಟಿಗೆ ಅರ್ತ್ ಸಿಗ್ತಿಲ್ಲ. ಎಡಗಡೆ ಸೀಲ್ ಏರ್ ಎಳೀತಿದೆ. ರಿಂಗ್ ಕಟ್ಟಿದೆ.”

ಮೊದಲ ಎರಡು ಸಾಲುಗಳಿಗೂ ‘ಭೂಸಂಪರ್ಕ ದೋಷ’ ಎಂದು ಬರೆದರೆ ನಡೆಯುತ್ತದೆಯೇ? ‘ಕಟ್ಟಿದೆ’ ಎಂದರೆ ರಿಂಗಿನ ಸಂದಿಯಲ್ಲಿ ಏನಾದರೂ ತುಂಬಿಕೊಂಡಿದೆ ಎಂದೇ? ಗ್ಯಾರೇಜಿನಲ್ಲಿ ಈ ಮಾತುಗಳನ್ನು ಯಾವ ಅರ್ಥದಲ್ಲಿ ಆಡುತ್ತಾರೆ, ತಿಳಿದವರು ಬಿಡಿಸಿ ಹೇಳಬೇಕು.

ಉತ್ತರ

ನಡೆಯುವುದಿಲ್ಲ ಸರ್. ಮೊದಲ ಎರಡು ಸಾಲು ಒಂದಕ್ಕೊಂದು ತದ್ವಿರುದ್ಧ. ಒಂದರಲ್ಲಿ ಕರೆಂಟು ಹೋಗಬಾರದ ಕಡೆ ಬಾಡಿಗೆ, ಅಂದರೆ ಗಾಡಿಯ ಲೋಹದ ಮೈಗೆ, ತಗಲಿದೆ, ಇನ್ನೊಂದರಲ್ಲಿ ಬಾಡಿಯ ಮೂಲಕ ವಾಪಸ್ ಹೋಗಬೇಕಾದ ಕರೆಂಟಿಗೆ ದಾರಿ ಇಲ್ಲ. ಎರಡಕ್ಕೂ ‘ಭೂಸಂಪರ್ಕ ದೋಷ’ ಅಂತ ಬರೆದರೆ ಓದಿದವನು ವೈರನ್ನು ಬಿಗಿ ಮಾಡಬೇಕೋ ಬಿಡಿಸಬೇಕೋ ತಿಳಿಯದೆ ನಿಲ್ಲುತ್ತಾನೆ. ಅದೂ ಅಲ್ಲದೆ, ಎರಡು ರಬ್ಬರ್ ಟೈರುಗಳ ಮೇಲೆ ನಿಂತ ಗಾಡಿಗೆ ಭೂಮಿಯ ಸಂಪರ್ಕವಾದರೂ ಎಲ್ಲಿಂದ ಬಂತು?

ಈ ಪದದ ಸ್ವಾರಸ್ಯ ಇರುವುದು ಅದರ ಜೊತೆಗೆ ಬರುವ ಕ್ರಿಯಾಪದದಲ್ಲಿ. ‘ಅರ್ತ್ ಕೊಡು’ ಅಂದರೆ ವಾಪಸ್ ದಾರಿ ಮಾಡಿಕೊಡು. ‘ಅರ್ತ್ ಸಿಗ್ತಿಲ್ಲ’, ‘ಅರ್ತ್ ಬಿಟ್ಟಿದೆ’ ಅಂದರೆ ಆ ದಾರಿ ಕಡಿದಿದೆ. ‘ಅರ್ತ್ ಆಗಿದೆ’ ಅಂದರೆ ಬಾಡಿಗೆ ತಗಲಬಾರದ್ದು ತಗಲಿದೆ. ‘ಅರ್ತ್ ಹೊಡೀತಿದೆ’ ಅನ್ನುವುದು ಬೇರೆಯೇ. ಅದು ಮನೆ ವೈರಿಂಗಿನಿಂದ ಬಂದ ಮಾತು, ಗ್ರೈಂಡರ್ ಮುಟ್ಟಿದರೆ ಶಾಕ್ ಹೊಡೆಯುತ್ತದಲ್ಲ, ಆ ಅರ್ಥ. 6 ವೋಲ್ಟ್ ಯಾರಿಗೂ ಹೊಡೆಯುವುದಿಲ್ಲ. ಬೈಕಿನಲ್ಲಿ ಈ ಮಾತು ಸಲ್ಲುವುದು ಪ್ಲಗ್ ವೈರಿಗೆ ಮಾತ್ರ: ವೈರೋ ಪ್ಲಗ್ ಕ್ಯಾಪೋ ಬಿರುಕು ಬಿಟ್ಟು ಕಿಡಿ ಸಿಲಿಂಡರಿನ ರೆಕ್ಕೆಗೆ ಹಾರುತ್ತಿದ್ದರೆ. ಕತ್ತಲಲ್ಲಿ ಎಂಜಿನ್ ಓಡಿಸಿ ನೋಡಿದರೆ ನೀಲಿ ಎಳೆ ಕಣ್ಣಿಗೇ ಕಾಣುತ್ತದೆ.

ಈಗ ‘ಪಾಯಿಂಟ್ ಅರ್ತ್ ಆಗಿದೆ’. ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲಿನ ಕರೆಂಟನ್ನು ಕಡಿಯುವ ಸ್ವಿಚ್ಚೇ ಪಾಯಿಂಟ್. ಜಾವಾದಲ್ಲಿ ಪಾಯಿಂಟ್ ಇರುವುದು ಬಲಗಡೆ, ಡೈನಮೋ ಕವರಿನೊಳಗೆ. ಜೋಡಿಯಲ್ಲಿ ಒಂದು ಪಾಯಿಂಟ್ ಪ್ಲೇಟಿಗೆ ಕೂತಿರುತ್ತದೆ, ಅದು ಬಾಡಿಗೆ ಸೇರಿದ್ದು. ಅಲ್ಲಾಡುವ ಇನ್ನೊಂದು ಪಾಯಿಂಟ್ ಫೈಬರ್ ವಾಷರುಗಳ ಮೇಲೆ ಬಾಡಿಯಿಂದ ಬೇರೆಯಾಗಿ ನಿಂತಿರಬೇಕು. ಕಾಯಿಲಿನ ವೈರು, ಕಂಡೆನ್ಸರಿನ ವೈರು ಎರಡೂ ಬರುವುದು ಇದಕ್ಕೆ. ಹೊಸ ಪಾಯಿಂಟ್ ಸೆಟ್ ಹಾಕುವಾಗ ವಾಷರುಗಳ ಕ್ರಮ ತಪ್ಪಿದರೆ, ಸ್ಪ್ರಿಂಗಿನ ತುದಿ ಪ್ಲೇಟಿಗೆ ತಾಗಿದರೆ, ಇಲ್ಲವೇ ಎಂಜಿನ್ನಿನೊಳಗೆ ವೈರು ನುಗ್ಗುವ ತೂತಿನ ರಬ್ಬರ್ ಹೋಗಿ ತಾಮ್ರ ಬಾಡಿಗೆ ಉಜ್ಜಿದರೆ, ಪಾಯಿಂಟ್ ತೆರೆದರೂ ಕರೆಂಟಿನ ಲೆಕ್ಕದಲ್ಲಿ ಮುಚ್ಚಿದಂತೆಯೇ. ಕಾಯಿಲಿನಲ್ಲಿ ಕರೆಂಟು ಕಡಿಯುವುದೇ ಇಲ್ಲ, ಹಾಗಾಗಿ ಕಿಡಿ ಹುಟ್ಟುವುದಿಲ್ಲ. ಫ್ಯೂಸ್ ಹೋಗುವುದಿಲ್ಲ ಅನ್ನುವುದು ಇಲ್ಲಿನ ಮೋಸ. ಕಾಯಿಲಿನ ಪ್ರೈಮರಿಗೆ (ಬ್ಯಾಟರಿ ಕರೆಂಟು ಹರಿಯುವ ಸುತ್ತಿಗೆ) ಒಂದೂವರೆ ಓಮ್ ಅಂತ ಹಿಡಿದರೆ ಹರಿಯುವುದು 4 ಆಂಪಿಯರ್, ಅಷ್ಟನ್ನು ಫ್ಯೂಸ್ ಸಲೀಸಾಗಿ ತಡೆದುಕೊಳ್ಳುತ್ತದೆ. ಕೀ ಆನ್ ಇಟ್ಟು ಹತ್ತು ನಿಮಿಷ ಬಿಟ್ಟರೆ ಕಾಯಿಲ್ ಕೈ ಸುಡುವಷ್ಟು ಬಿಸಿಯಾಗಿರುತ್ತದೆ.

ಇಲ್ಲಿ ಮೀಟರಿಗಿಂತ 6 ವೋಲ್ಟಿನ ಒಂದು ಸಣ್ಣ 3 ವಾಟ್ ಬಲ್ಬು ಮೇಲು. ಬಲ್ಬಿನ ಒಂದು ವೈರು ಕಾಯಿಲ್ ವೈರು ಬರುವ ಪಾಯಿಂಟಿನ ಸ್ಕ್ರೂಗೆ, ಇನ್ನೊಂದು ಎಂಜಿನ್ ಬಾಡಿಗೆ. ಪ್ಲಗ್ ಬಿಚ್ಚಿ, ಕೀ ಆನ್ ಮಾಡಿ, ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ. ಪಾಯಿಂಟ್ ತೆರೆದಾಗ ಬಲ್ಬು ಹತ್ತಬೇಕು, ಮುಚ್ಚಿದಾಗ ಆರಬೇಕು. ಹತ್ತಿದ್ದು ಆರುವುದೇ ಇಲ್ಲ ಅಂದರೆ ಪಾಯಿಂಟಿಗೆ ‘ಅರ್ತ್ ಸಿಗ್ತಿಲ್ಲ’: ಪಾಯಿಂಟಿನ ಮುಖಕ್ಕೆ ಎಣ್ಣೆಯೋ ಕಿಲುಬೋ ಹಿಡಿದಿದೆ, ಅಥವಾ ಮುಚ್ಚುತ್ತಲೇ ಇಲ್ಲ. ಹತ್ತುವುದೇ ಇಲ್ಲ ಅಂದರೆ ಮೊದಲು ಕಾಯಿಲಿನ ಬ್ಯಾಟರಿ ಕಡೆಯ ಸ್ಕ್ರೂನಲ್ಲಿ 6 ವೋಲ್ಟ್ ಇದೆಯೇ ನೋಡಿ. ಇದ್ದರೆ ಪಾಯಿಂಟ್ ನಡುವೆ ವಿಸಿಟಿಂಗ್ ಕಾರ್ಡಿನ ಚೂರು ಸಿಕ್ಕಿಸಿ. ಆಗಲೂ ಹತ್ತದಿದ್ದರೆ, ಕಾಯಿಲಾಗಲಿ ಅದರ ವೈರಾಗಲಿ ಕಡಿದಿಲ್ಲ ಅಂದಮೇಲೆ, ‘ಅರ್ತ್ ಆಗಿದೆ’ ಅನ್ನುವುದು ಖಾತ್ರಿ. ಕಂಡೆನ್ಸರಿನ ವೈರು ಬಿಚ್ಚಿ. ಈಗ ಹತ್ತಿತು ಅಂದರೆ ಕಂಡೆನ್ಸರ್ ಒಳಗೇ ಅರ್ತ್ ಆಗಿದೆ, ಇಲ್ಲದಿದ್ದರೆ ವಾಷರ್ ಅಥವಾ ವೈರು. ನೋಡಿ, ಚೀಟಿಯ ಎರಡು ಮಾತುಗಳನ್ನು ಒಂದೇ ಬಲ್ಬು ಬೇರ್ಪಡಿಸಿಬಿಟ್ಟಿತು. ಕೊನೆಗೆ ಪಾಯಿಂಟ್ ಪೂರ್ತಿ ತೆರೆದಾಗ ಫೀಲರ್ ಗೇಜಿನ 0.4 ಮಿ.ಮೀ. ಎಲೆ ಸ್ವಲ್ಪ ಬಿಗಿಯಾಗಿ ಸರಿಯುವಂತೆ ಗ್ಯಾಪ್ ಇಡಬೇಕು. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ, ಆದ್ದರಿಂದ ಗ್ಯಾಪ್ ಮೊದಲು, ಟೈಮಿಂಗ್ ಆಮೇಲೆ.

‘ಹೆಡ್‌ಲೈಟಿಗೆ ಅರ್ತ್ ಸಿಗ್ತಿಲ್ಲ’ ಅನ್ನುವುದು ಹೊಸದಾಗಿ ಬಣ್ಣ ಹೊಡೆಸಿದ ಗಾಡಿಯ ಕಾಯಿಲೆ. ಚಾಸಿಗೆ ಪೌಡರ್ ಕೋಟಿಂಗ್ ಆದಮೇಲೆ ಒಂದೊಂದು ಬೋಲ್ಟಿನ ಕೆಳಗೂ ದಪ್ಪ ಪದರ ಕೂತಿರುತ್ತದೆ, ಅದರಲ್ಲಿ ಕರೆಂಟು ಹರಿಯುವುದಿಲ್ಲ. ಪ್ರತ್ಯೇಕ ಅರ್ತ್ ವೈರಿಲ್ಲದ ಹೆಡ್‌ಲೈಟಿಗೆ ವಾಪಸ್ ದಾರಿ ಹ್ಯಾಂಡಲ್ ಬಾಲ್‌ರೇಸಿನ ಗುಂಡುಗಳ ಮೂಲಕ, ಅಲ್ಲಿ ಹೊಸ ಗ್ರೀಸ್ ಬೇರೆ. ಹ್ಯಾಂಡಲ್ ತಿರುಗಿಸಿದಾಗ ಬೆಳಕು ಮಿಣುಕಿದರೆ ಇದೇ ಅಂತ ತಿಳಿಯಿರಿ.

6 ವೋಲ್ಟಿನಲ್ಲಿ ಇದು ಯಾಕಿಷ್ಟು ಕಾಡುತ್ತದೆ ಅಂದರೆ, 25 ವಾಟಿನ ಬಲ್ಬು ಎಳೆಯುವುದು 4 ಆಂಪಿಯರಿಗೂ ಮೇಲೆ. ದಾರಿಯಲ್ಲಿ ಬರೀ 0.3 ಓಮ್ ಅಡ್ಡಿ ಇದ್ದರೂ ಸುಮಾರು 1 ವೋಲ್ಟ್ ಅಲ್ಲೇ ಸೋರಿಹೋಗಿ ಬಲ್ಬಿಗೆ ಸಿಗುವುದು 5. 12 ವೋಲ್ಟಿನ ಗಾಡಿಯಲ್ಲಿ ಅಷ್ಟೇ ಅಡ್ಡಿಗೆ ಹೋಗುವುದು 0.6, ಅದೂ ಹನ್ನೆರಡರಲ್ಲಿ. ಓಮ್ ಮೀಟರ್ ಇಟ್ಟು ನೋಡಿದರೆ ಈ 0.3 ಮೀಟರಿನ ವೈರುಗಳ ಅಡ್ಡಿಯಲ್ಲೇ ಕಳೆದುಹೋಗುತ್ತದೆ. ಹೆಡ್‌ಲೈಟ್ ಹಾಕಿ, ವೋಲ್ಟ್ ಮೀಟರಿನ ಒಂದು ಕಡ್ಡಿಯನ್ನು ಬಲ್ಬ್ ಹೋಲ್ಡರಿನ ಲೋಹಕ್ಕೂ ಇನ್ನೊಂದನ್ನು ಬ್ಯಾಟರಿಯ ಅರ್ತ್ ಕಡೆಯ ಟರ್ಮಿನಲ್ಲಿಗೂ ಹಿಡಿಯಿರಿ. 0.2ಕ್ಕಿಂತ ಹೆಚ್ಚು ಬಂದರೆ ದಾರಿ ಕೆಟ್ಟಿದೆ. ಹೋಲ್ಡರಿನಿಂದ ನೇರ ಬ್ಯಾಟರಿಯ ಅರ್ತ್ ಬೋಲ್ಟಿಗೆ ಒಂದು ದಪ್ಪ ವೈರು ಎಳೆದು, ಬೋಲ್ಟಿನ ಕೆಳಗೆ ನಾಣ್ಯದಗಲ ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ವ್ಯಾಸಲೀನ್ ಸವರಿದರೆ ಮುಗಿಯಿತು. ಹೊಸ ಬಣ್ಣ ಕೆರೆಯಲು ಮನಸ್ಸು ಬರುವುದಿಲ್ಲ, ಒಪ್ಪುತ್ತೇನೆ. ಆದರೆ ಕೆರೆಯದೆ ಬೆಳಕಿಲ್ಲ.

ಕೈಪಿಡಿಗೆ ನನ್ನ ಸಲಹೆ: ‘ಬಾಡಿಗೆ ತಗಲಿದೆ’, ‘ಬಾಡಿ ಸಿಗುತ್ತಿಲ್ಲ’. ಪದಕೋಶದಲ್ಲಿ ಇರಲಿಕ್ಕಿಲ್ಲ, ಸ್ಪ್ಯಾನರ್ ಹಿಡಿದವನಿಗೆ ತಿಳಿಯುತ್ತದೆ.

ಇನ್ನೊಂದು ಉತ್ತರ

ಮೇಲಿನದ್ದನ್ನು ಒಪ್ಪುತ್ತಾ ಉಳಿದ ಎರಡು ಸಾಲುಗಳಿಗೆ ಬರುತ್ತೇನೆ.

‘ಎಡಗಡೆ ಸೀಲ್ ಏರ್ ಎಳೀತಿದೆ’ ಅಂತ ಬರೆದವರು ಪದ ಬಳಸುವಾಗ ಕೊಂಚ ಅವಸರ ಮಾಡಿದ್ದಾರೆ. ಎಡ ಅಂದರೆ ಸೀಟಿನ ಮೇಲೆ ಕೂತವರ ಎಡ. ಜಾವಾದಲ್ಲಿ ಆ ಕಡೆ ಕ್ಲಚ್, ಪ್ರೈಮರಿ ಚೈನ್ ಇದ್ದು ಗೇರ್ ಆಯಿಲಿನಲ್ಲಿ ಮುಳುಗಿರುತ್ತವೆ. ಅಲ್ಲಿನ ಕ್ರ್ಯಾಂಕ್ ಸೀಲ್ (ಶಾಫ್ಟಿನ ಸುತ್ತ ಗಾಳಿ, ಆಯಿಲ್ ನುಗ್ಗದಂತೆ ತಡೆಯುವ ರಬ್ಬರ್ ಬಳೆ) ಹೋದರೆ ಎಂಜಿನ್ ಎಳೆಯುವುದು ಮುಖ್ಯವಾಗಿ ಆಯಿಲ್. ಹೊಗೆ ದಟ್ಟವಾಗಿ ಬೆಳ್ಳಗೆ ಬರುತ್ತದೆ, ಪ್ಲಗ್ ಕಪ್ಪಗೆ ಒದ್ದೆಯಾಗಿರುತ್ತದೆ, ನೆಲದ ಮೇಲೆ ಒಂದು ಹನಿಯೂ ಬೀಳದೆ ಗೇರ್ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಇದಕ್ಕೆ ಗ್ಯಾರೇಜಿನ ಮಾತು ‘ಆಯಿಲ್ ಕುಡೀತಿದೆ’. ‘ಏರ್ ಎಳೀತಿದೆ’ ಒಪ್ಪುವುದು ಬಲಗಡೆಯ, ಅಂದರೆ ಡೈನಮೋ ಕಡೆಯ ಸೀಲಿಗೆ. ಅಲ್ಲಿ ಒಣ ಗಾಳಿ ನುಗ್ಗಿ ಪೆಟ್ರೋಲ್ ಪಾಲು ಕಡಿಮೆಯಾಗುತ್ತದೆ. ಆಕ್ಸಿಲರೇಟರ್ ಬಿಟ್ಟರೂ ರೇಸ್ ಇಳಿಯುವುದಿಲ್ಲ, ಪ್ಲಗ್ ಸುಣ್ಣದಂತೆ ಬಿಳುಪಾಗುತ್ತದೆ, ಎಂಜಿನ್ ಕಾಯುತ್ತದೆ. ಕಾರ್ಬುರೇಟರಿನ ಸ್ಕ್ರೂ ತಿರುಗಿಸುತ್ತಾ ಕೂತರೆ ಇದು ಸರಿಹೋಗುವುದಿಲ್ಲ, ಪಿಸ್ಟನ್ ಹಿಡಿಯುವವರೆಗೂ ಎಳೆದಂತೆ, ಅಷ್ಟೇ.

ಯಾವ ಸೀಲ್ ಅಂತ ಎಂಜಿನ್ ಬಿಚ್ಚದೆಯೇ ನೋಡಬಹುದು. ಕಾರ್ಬುರೇಟರ್ ತೆಗೆದು ಆ ಬಾಯಿಗೆ ರಬ್ಬರ್ ಹಾಳೆ ಇಟ್ಟು ಪಟ್ಟಿಯಿಂದ ಬಿಗಿಯಿರಿ. ಸೈಲೆನ್ಸರ್ ಪೈಪ್ ಎರಡು, ಹಾಗಾಗಿ ಎರಡೂ ಎಕ್ಸಾಸ್ಟ್ ಬಾಯಿಗೆ ಬಿರಡೆ. ಪಿಸ್ಟನ್ನನ್ನು ಕೆಳತುದಿಗೆ ಇಳಿಸಿ. ಪಿಂಗಾಣಿ ಒಡೆದು ತೆಗೆದ ಹಳೇ ಪ್ಲಗ್ಗಿಗೆ ಸಣ್ಣ ಪೈಪು ಬೆಸೆದು, ಅದರ ಮೂಲಕ ಬಿಪಿ ನೋಡುವ ಉಪಕರಣದ ರಬ್ಬರ್ ಬಲ್ಬಿನಿಂದ ಗಾಳಿ ಒತ್ತಿ. ಅದರ ಮುಳ್ಳು 300 ತೋರಿಸಿದರೆ 0.4 ಬಾರ್ ಆಯಿತು, ಅದಕ್ಕಿಂತ ಹೆಚ್ಚು ಬೇಡ. ಮುಳ್ಳು ಆರು ನಿಮಿಷ ಹೆಚ್ಚುಕಡಿಮೆ ಅಲ್ಲೇ ನಿಂತರೆ ಸೀಲ್‌ಗಳು ಸರಿ. ಇಳಿಯುತ್ತಿದ್ದರೆ ಗೇರ್ ಆಯಿಲ್ ಹಾಕುವ ಬಿರಡೆ ಬಿಚ್ಚಿ ಕಿವಿಗೊಡಿ: ಬುಳುಬುಳು ಸದ್ದು ಬಂದರೆ ಎಡ ಸೀಲ್. ಬಲಕ್ಕೆ ಡೈನಮೋ ಬಿಚ್ಚಿ ಸೋಪಿನ ನೀರು ಹಚ್ಚಬೇಕು. ಎರಡೂ ಅಲ್ಲವಾದರೆ ಸಿಲಿಂಡರ್ ಕೆಳಗಿನ ಪೇಪರ್ ಪ್ಯಾಕಿಂಗ್ ನೋಡಿ. ಹೊಸ ಸೀಲ್ ಕೂರಿಸುವ ಮುಂಚೆ ಶಾಫ್ಟಿನ ಮೇಲೆ ಉಗುರು ಎಳೆಯಿರಿ. ಹಳೇ ಸೀಲಿನ ತುಟಿ ಕೊರೆದ ಗೀರು ಉಗುರಿಗೆ ಸಿಕ್ಕಿದರೆ ಹೊಸ ಸೀಲೂ ಅಲ್ಲಿ ನಿಲ್ಲುವುದಿಲ್ಲ.

ಈಗ ‘ಕಟ್ಟಿದೆ’. ‘ಜೆಟ್ ಕಟ್ಟಿದೆ’, ‘ಸೈಲೆನ್ಸರ್ ಕಟ್ಟಿದೆ’ ಅನ್ನುವಾಗ ನೀವಂದಂತೆ ಮೂಗು ಕಟ್ಟಿದ ಅರ್ಥ: ತೂತು ಮುಚ್ಚಿದೆ. ‘ರಿಂಗ್ ಕಟ್ಟಿದೆ’ ಅನ್ನುವುದು ಗಂಟಲು ಕಟ್ಟಿದಂತೆ. ಗಂಟಲು ಮುಚ್ಚಿರುವುದಿಲ್ಲ, ಸ್ವರ ಹೊರಡುವುದಿಲ್ಲ. ಹಾಗೆಯೇ ರಿಂಗು ತಾನು ಕೂರುವ ಜಾಗದಲ್ಲಿ, ಅಂದರೆ ಪಿಸ್ಟನ್ನಿನ ಸುತ್ತಿನ ಸೀಳಿನಲ್ಲಿ, ಕಾರ್ಬನ್ ಅಂಟಿಕೊಂಡು ಅಲ್ಲೇ ಕೂತುಬಿಟ್ಟಿರುತ್ತದೆ. ಹೊರಚಿಮ್ಮಿ ಸಿಲಿಂಡರ್ ಗೋಡೆಗೆ ಒತ್ತುವುದಿಲ್ಲ, ಕಂಪ್ರೆಷನ್ ಸಿಗುವುದಿಲ್ಲ. ಇದು ‘ಪಿಸ್ಟನ್ ಹಿಡಿದಿದೆ’ ಅಲ್ಲ. ಅದು ಸೊಂಟ ಹಿಡಿದ ಜಾತಿ, ಓಡುವಾಗ ಬಿಸಿಯಿಂದ ಆಗುವಂಥದ್ದು. ವರ್ಷಗಟ್ಟಲೆ ನಿಂತು ತುಕ್ಕಿನಿಂದ ಅಂಟಿಕೊಂಡರೆ ಅದನ್ನು ‘ಜಾಮ್’ ಅನ್ನುತ್ತಾರೆ. ಕೈಪಿಡಿಯಲ್ಲಿ ಮೂರನ್ನೂ ಬೇರೆ ಇಡಿ, ಯಾಕೆಂದರೆ ಜಾಮ್ ಆದ ಎಂಜಿನ್ ಮೇಲೆ ಹತ್ತಿ ನಿಂತು ಕಿಕ್ ಹೊಡೆಯಬಾರದು. ಜಾವಾದಲ್ಲಿ ಗೇರ್ ಲಿವರೇ ಕಿಕ್ಕರ್ ಕೂಡ, ಅದರ ಹಲ್ಲು ಹೋದರೆ ಎರಡೂ ಹೋದಂತೆ. ಪ್ಲಗ್ ತೂತಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಹೊಯ್ದು ಎರಡು ಮೂರು ದಿನ ಬಿಟ್ಟು, ಟಾಪ್ ಗೇರಿಗೆ ಹಾಕಿ ಹಿಂದಿನ ಚಕ್ರವನ್ನು ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಬೇಕು.

ರಿಂಗ್ ಕಟ್ಟಿದ್ದರೆ ಸಿಲಿಂಡರನ್ನು ನೆಟ್ಟಗೆ ಮೇಲಕ್ಕೆ ಎತ್ತಬೇಕು, ತಿರುಚಬಾರದು. ಟೂ ಸ್ಟ್ರೋಕಿನಲ್ಲಿ ರಿಂಗಿನ ತುದಿಗಳು ಪೋರ್ಟಿಗೆ (ಸಿಲಿಂಡರ್ ಗೋಡೆಯ ಕಿಂಡಿಗೆ) ಸಿಗದಿರಲೆಂದು ಸೀಳಿನಲ್ಲಿ ಸಣ್ಣ ಪಿನ್ ಇರುತ್ತದೆ. ತಿರುಚಿದರೆ ತುದಿ ಪೋರ್ಟಿನೊಳಗೆ ಹೊಕ್ಕು ಪಟಕ್ಕನೆ ಮುರಿಯುತ್ತದೆ. ಮುರಿದ ಹಳೇ ರಿಂಗಿನ ಚೂರೇ ಸೀಳು ಕೆರೆಯಲು ಒಳ್ಳೆಯ ಉಳಿ, ಪಿನ್ ಹತ್ತಿರ ಮಾತ್ರ ಕೈ ಹಗುರ ಇರಲಿ. ಹೊಸ ರಿಂಗನ್ನು ಬರೀ ಸಿಲಿಂಡರಿಗೆ ಹಾಕಿ ಪಿಸ್ಟನ್ನಿನಿಂದ ಸಮ ಮಾಡಿ ಅಳೆದರೆ, 65 ಮಿ.ಮೀ. ಬೋರಿಗೆ ತುದಿಗಳ ನಡುವೆ 0.25 ಮಿ.ಮೀ. ಆಸುಪಾಸು ಸಿಗಬೇಕು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಒಂದು ಉಳಿಯಿತು. ಪದಪಟ್ಟಿಯಲ್ಲಿ ‘ಅರ್ತ್ = ಬ್ಯಾಟರಿಯ ಮೈನಸ್’ ಎಂದು ಹಾಕಿದರೆ ಹೊಸಬರಿಗೆ ಸುಲಭವಾಗುವುದಿಲ್ಲವೇ? ಕಾಗುಣಿತ ‘ಅರ್ತ್’ ಇರಲೋ ‘ಅರ್ಥ್’ ಇರಲೋ?

ಉತ್ತರ

ಮೈನಸ್ ಅಂತ ಹಾಕಬೇಡಿ ಸರ್. ಲೂಕಾಸ್ ಕಂಪನಿಯ ವೈರಿಂಗಿನ 1950-60ರ ದಶಕದ ಹೆಚ್ಚಿನ ಬ್ರಿಟಿಷ್ ಗಾಡಿಗಳಲ್ಲಿ ಬಾಡಿಗೆ ಸೇರಿದ್ದು ಪ್ಲಸ್. ನಿಮ್ಮ ಪದಪಟ್ಟಿ ನಂಬಿ ಯಾರಾದರೂ ಹಳೇ ಬಿಎಸ್‌ಎ ಬೈಕಿಗೆ ಮೈನಸ್ಸನ್ನು ಬಾಡಿಗೆ ಕೊಟ್ಟರೆ ಆಂಪಿಯರ್ ಮೀಟರ್ ತಿರುವುಮುರುವು ತೋರಿಸುತ್ತದೆ, ಯಾರೋ ಆಮೇಲೆ ಹಾಕಿಸಿದ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇದ್ದರೆ ಆ ಕ್ಷಣವೇ ಸುಡುತ್ತದೆ. ‘ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆಯೋ ಅದು’ ಅಂತ ಬರೆಯಿರಿ, ಉದ್ದವಾದರೂ ಸರಿ.

ಕಾಗುಣಿತಕ್ಕೆ ‘ಅರ್ತ್’ ಇರಲಿ. ಮನೆ ವೈರಿಂಗಿನವರು ‘ಅರ್ಥಿಂಗ್’ ಅಂತ ಬರೆಯುವುದುಂಟು. ಆದರೆ ಕೈಪಿಡಿಯಲ್ಲಿ ‘ಪಾಯಿಂಟ್ ಅರ್ಥ್ ಆಗಿದೆ’ ಅಂತ ಅಚ್ಚಾದರೆ, ಪ್ರೂಫ್ ನೋಡುವವರು ಅದನ್ನು ‘ಪಾಯಿಂಟ್ ಅರ್ಥ ಆಗಿದೆ’ ಅಂತ ತಿದ್ದಿ ಕಳಿಸುತ್ತಾರೆ.